ಎಣ್ಣೆ ಪ್ಯಾಕೆಟ್ ಕೊಳ್ಳುವ ಮುನ್ನ ಹಿಂದೆ ತಿರುಗಿಸಿ

ಅಂಗಡಿಯಲ್ಲಿ ನಮ್ಮ ಜನ ಎಣ್ಣೆ ಆರಿಸುವುದನ್ನು ನಿಂತು ನೋಡಿ. ಬೆಲೆ ನೋಡುತ್ತಾರೆ, ಮುಂಭಾಗದ ಹೃದಯದ ಚಿತ್ರ ನೋಡುತ್ತಾರೆ. ‘ಕೊಲೆಸ್ಟ್ರಾಲ್ ಇಲ್ಲ’ ಅಂತ ದಪ್ಪಕ್ಷರದಲ್ಲಿದ್ದರೆ ಮುಗೀತು, ಬುಟ್ಟಿಗೆ ಹಾಕುತ್ತಾರೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನಮ್ಮ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿಸಿ ಹೃದಯಕ್ಕೆ ತೊಂದರೆ ತರುವುದು ಸ್ಯಾಚುರೇಟೆಡ್ (ತುಪ್ಪ, ಕೊಬ್ಬರಿ ಎಣ್ಣೆಯಂತೆ ತಣ್ಣಗಾದರೆ ಗಟ್ಟಿಯಾಗುವ) ಮತ್ತು ಟ್ರಾನ್ಸ್ (ಎಣ್ಣೆಯನ್ನು ವನಸ್ಪತಿಯಂತೆ ಗಟ್ಟಿ ಮಾಡುವಾಗ ಹುಟ್ಟುವ) ಕೊಬ್ಬು. ಅದರ ಲೆಕ್ಕ ಇರುವುದು ಪ್ಯಾಕೆಟ್ಟಿನ ಹಿಂದೆ.

ಹಂತ 1: ಹೆಸರು ಓದಿ. ‘ಬ್ಲೆಂಡೆಡ್’ ಅಂತಿದ್ದರೆ ಯಾವ ಎಣ್ಣೆ ಶೇಕಡಾ ಎಷ್ಟು ಅಂತ ನೋಡಿ. ಬೆರಕೆಯಲ್ಲಿ ಒಂದೊಂದು ಎಣ್ಣೆಯೂ ಕನಿಷ್ಠ ಶೇ 20 ಇದ್ದರೆ ನಿಯಮಕ್ಕೆ ಸಾಕು. ಮುಂದೆ ಆಲಿವ್ ಚಿತ್ರ, ಒಳಗೆ ಬಹುಪಾಲು ತೌಡೆಣ್ಣೆ ಇರಬಹುದು. ತೌಡೆಣ್ಣೆ ಕೆಟ್ಟದ್ದೇನಲ್ಲ, ಅದಕ್ಕೆ ಆಲಿವ್ ಬೆಲೆ ಕೊಡಬೇಡಿ ಅಷ್ಟೇ.

ಹಂತ 2: ಹಿಂದಿನ ಪೋಷಕಾಂಶಗಳ ಪಟ್ಟಿ ಓದಿ. ಎಡವುವುದು ಇಲ್ಲೇ. ಮೊದಲ ಸಾಲಿನಲ್ಲಿ 100 ಗ್ರಾಂಗೆ 900 ಕ್ಯಾಲೊರಿ ಅಂತಿರುತ್ತದೆ. ‘ಲೈಟ್’ ಅನ್ನುವ ಎಣ್ಣೆಗೂ ಅಷ್ಟೇ, ಅದನ್ನು ಬಿಡಿ. ಸ್ಯಾಚುರೇಟೆಡ್ ಸಾಲಿಗೆ ಬೆರಳಿಡಿ. ಸೂರ್ಯಕಾಂತಿಯಲ್ಲಿ ಸುಮಾರು 11 ಗ್ರಾಂ, ಎಳ್ಳೆಣ್ಣೆಯಲ್ಲಿ 15, ಕಡಲೆಕಾಯಿ ಎಣ್ಣೆಯಲ್ಲಿ 17ರಿಂದ 20, ಪಾಮ್‌ನಲ್ಲಿ 50ರ ಆಸುಪಾಸು, ಕೊಬ್ಬರಿ ಎಣ್ಣೆಯಲ್ಲಿ 90ರ ಹತ್ತಿರ. ದಿನದ ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ 10 ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2,000 ಕ್ಯಾಲೊರಿ ತಿನ್ನುವವರಿಗೆ ಅದು 22 ಗ್ರಾಂ. ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಗೇ ಖಾಲಿ! ಮಂಗಳೂರು ಕಡೆಯವರು ಸಿಟ್ಟಾಗಬೇಡಿ, ಒಗ್ಗರಣೆಗೆ ಸಣ್ಣ ಚಮಚದಲ್ಲಿ ಹಾಕಿ.

ದಿನದ ಅಡುಗೆಗೆ ನನ್ನ ಆಯ್ಕೆ ಕಡಲೆಕಾಯಿ ಎಣ್ಣೆ. ಒಮೆಗಾ-6, ಒಮೆಗಾ-3 ಅಂದರೆ ಊಟದಿಂದಲೇ ಬರಬೇಕಾದ ಕೊಬ್ಬುಗಳು. ಸೂರ್ಯಕಾಂತಿಯಲ್ಲಿ ಒಮೆಗಾ-6 ಸಿಗುತ್ತದೆ, ಒಮೆಗಾ-3 ಎರಡರಲ್ಲೂ ಇಲ್ಲವೆನ್ನುವಷ್ಟು ಕಡಿಮೆ. ಒಮೆಗಾ-3ಗೆ ದುಬಾರಿ ಮಾತ್ರೆ ಬೇಕಿಲ್ಲ. ರೊಟ್ಟಿ ಜೊತೆ ಅಗಸೆ ಚಟ್ನಿಪುಡಿ ಇದೆ, ಮೀನು ತಿನ್ನುವವರಿಗೆ ಬಂಗುಡೆ, ಬೂತಾಯಿ ಇವೆ. ಅಗಸೆ ಎಣ್ಣೆಯಲ್ಲಿ ಮಾತ್ರ ಏನನ್ನೂ ಕರಿಯಬೇಡಿ, ಶಾಖಕ್ಕೆ ಬೇಗ ಕೆಡುತ್ತದೆ.

ಹಂತ 3: ಟ್ರಾನ್ಸ್ ಕೊಬ್ಬು. 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಇದು ಶೇ 2 ಮೀರುವಂತಿಲ್ಲ. ಆದರೂ ಬಿಸ್ಕೆಟ್, ಖಾರಿ ಪ್ಯಾಕೆಟ್ಟಿನಲ್ಲಿ ‘ಹೈಡ್ರೋಜನೇಟೆಡ್’ (ಅಂದರೆ ಗಟ್ಟಿ ಮಾಡಿದ ಎಣ್ಣೆ) ಅಂತ ಕಂಡರೆ ವಾಪಸ್ ಇಡಿ. ಬೇಕರಿ ಪಫ್ಸ್‌ಗೆ ಲೇಬಲ್ಲೇ ಇರುವುದಿಲ್ಲ, ಅಲ್ವಾ? ಯಾವ ಕೊಬ್ಬು ಹಾಕಿದ್ದೀರಿ ಅಂತ ಬಾಯಿಬಿಟ್ಟು ಕೇಳಿ.

ಹಂತ 4: ತಿಂಗಳ ಎಣ್ಣೆ ಲೆಕ್ಕ ಹಾಕಿ. ನಾಲ್ವರಿಗೆ ಮೂರು ಲೀಟರ್ ಅಂದರೆ ತಲೆಗೆ ದಿನಕ್ಕೆ ಸುಮಾರು 23 ಗ್ರಾಂ. ಕೂತು ಕೆಲಸ ಮಾಡುವವರಿಗೆ ಇಷ್ಟು ಸಾಕು. ತುಪ್ಪ ಬೇರೆ ಇದ್ದರೆ ಅದನ್ನೂ ಇದರಲ್ಲೇ ಸೇರಿಸಿ.

ಹಂತ 5: ಬಜ್ಜಿ ಕರಿದು ಉಳಿದ ಎಣ್ಣೆಗೆ ಹೊಸದನ್ನು ಸುರಿಯಬೇಡಿ. ಸೋಸಿಟ್ಟು, ಒಂದೆರಡು ದಿನದಲ್ಲಿ ಪಲ್ಯದ ಒಗ್ಗರಣೆಗೆ ಮುಗಿಸಿ. ಕಪ್ಪಾಗಿದ್ದರೆ, ನೊರೆ ಬಂದರೆ ಚೆಲ್ಲಿ.