ಹೀಟ್ ಪಂಪ್‌ಗೆ ಪೈಪು ಜೋಡಿಸುವ ಬಗೆ

ವಿಜಯಪುರದಲ್ಲಿ ಹೊಸ ಮನೆ ಕಟ್ಟಿಸುವ ಕೆಲವರು ಈಗ ಗೀಸರ್ ಬಿಟ್ಟು ಹೀಟ್ ಪಂಪ್ ಕೇಳುತ್ತಾರೆ. ಗಾಳಿಯಲ್ಲಿನ ಶಾಖವನ್ನು ಎಳೆದು ನೀರಿಗೆ ಕೊಡುವ ಈ ಯಂತ್ರ ಒಂದು ಯೂನಿಟ್ ಕರೆಂಟಿನಲ್ಲಿ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಒದಗಿಸುತ್ತದೆ. ನಮ್ಮ ಬಿಸಿಲಿನ ಊರಿಗೆ ಹೇಳಿ ಮಾಡಿಸಿದ್ದು. ಮಾರಿದವರು ಅದನ್ನು ಮಾಳಿಗೆಯ ಮೇಲೆ ಇಳಿಸಿ ಹೋಗುತ್ತಾರೆ. ಪೈಪಿನ ಕೆಲಸ ನನ್ನಂಥ ನಲ್ಲಿ ಕೆಲಸದವರ ಪಾಲಿಗೆ ಬರುತ್ತದೆ.

ನಾನು ಮೊದಲು ಕೇಳುವುದು ಇಷ್ಟೇ: ನೀರು ಮೇಲಿನ ಟಾಕಿಯಿಂದ ತಾನಾಗಿ ಇಳಿಯುತ್ತದೆಯೋ, ಪ್ರೆಶರ್ ಪಂಪ್ ಇದೆಯೋ? ಏಕೆಂದರೆ 200 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಕಾದರೆ ಹೆಚ್ಚುಕಡಿಮೆ ಮೂರು ಲೀಟರ್ ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ದಾರಿ ಕೊಡದಿದ್ದರೆ ಅದು ತಾನೇ ದಾರಿ ಮಾಡಿಕೊಳ್ಳುತ್ತದೆ.

ತಾನಾಗಿ ಇಳಿಯುವ ನೀರಾದರೆ ಕೆಲಸ ಸುಲಭ. ತಣ್ಣೀರು ಕೆಳಗಿನ ಬಾಯಿಗೆ, ಬಿಸಿನೀರು ಮೇಲಿನ ಬಾಯಿಂದ. ಬಿಸಿನೀರಿನ ಬಾಯಿಯ ಹತ್ತಿರವೇ ಮೂರು ಬಾಯಿಯ ಜೋಡಣೆ, ಅಂದರೆ ಒಂದು ಟೀ ಹಾಕಿ, ಹಿಗ್ಗಿದ ನೀರಿಗೂ ಗಾಳಿಗೂ ದಾರಿಯಾಗುವ ಗಾಳಿ ಪೈಪನ್ನು ಟಾಕಿಯ ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದು ಅಡಿ ಮೇಲಕ್ಕೆ ಒಯ್ಯಿರಿ. ತುದಿಯನ್ನು ಕೆಳಕ್ಕೆ ಬಾಗಿಸಿ. ಆ ಪೈಪಿಗೆ ಎಲ್ಲಿಯೂ ವಾಲ್ವ್ ಬೇಡ. ಆದಿಲ್‌ಶಾಹಿಗಳ ಕಾಲದಲ್ಲಿ ಬೇಗಂ ತಲಾಬ್ ಕೆರೆಯ ನೀರನ್ನು ಮಣ್ಣಿನ ಕೊಳವೆಗಳಲ್ಲಿ ಊರಿಗೆ ತಂದವರು, ಒತ್ತಡಕ್ಕೆ ಕೊಳವೆ ಸೀಳಬಾರದೆಂದು ನಡುನಡುವೆ ನೀರಿನ ಗೋಪುರಗಳನ್ನು ನಿಲ್ಲಿಸಿದ್ದರು. ಕೆಲವು ಇನ್ನೂ ನಿಂತಿವೆ. ಅವುಗಳ ಕೆಳಗೇ ದಿನವೂ ಓಡಾಡುವ ನಾವು ಒಂದು ಗಾಳಿ ಪೈಪಿಗೆ ಚೌಕಾಶಿ ಮಾಡುತ್ತೇವೆ.

ಪ್ರೆಶರ್ ಪಂಪ್ ಇದ್ದರೆ ಗಾಳಿ ಪೈಪು ನಡೆಯುವುದಿಲ್ಲ, ಪಂಪ್ ಓಡಿದಾಗಲೆಲ್ಲ ಅದರಿಂದ ನೀರು ಚಿಮ್ಮುತ್ತದೆ. ಆಗ ತಣ್ಣೀರಿನ ಸಾಲಿನಲ್ಲಿ ಕ್ರಮವಾಗಿ ನೀರು ಬಂದ್ ಮಾಡುವ ಬಾಲ್ ವಾಲ್ವ್, ಕಸ ಹಿಡಿಯುವ ಜಾಲರಿ, ನೀರನ್ನು ಹಿಂದಕ್ಕೆ ಬಿಡದ ಎನ್‌ಆರ್‌ವಿ, ಹಿಗ್ಗಿದ ನೀರನ್ನು ಹಿಡಿದಿಡುವ ಸಣ್ಣ ಎಕ್ಸ್‌ಪ್ಯಾನ್ಶನ್ ಟ್ಯಾಂಕ್, ಕೊನೆಗೆ ಬೇಕಾದಾಗ ಬಿಚ್ಚಲು ಬರುವ ಜೋಡಣೆ, ಅಂದರೆ ಯೂನಿಯನ್ ಬರಬೇಕು. ಎಕ್ಸ್‌ಪ್ಯಾನ್ಶನ್ ಟ್ಯಾಂಕಿಗೂ ಯಂತ್ರಕ್ಕೂ ನಡುವೆ ವಾಲ್ವ್ ಇರಬಾರದು.

ಇನ್ನು ಯಂತ್ರದ ಜೊತೆ ಬರುವ, ಒತ್ತಡ ಹೆಚ್ಚಾದಾಗ ನೀರು ಹೊರಬಿಡುವ ರಿಲೀಫ್ ವಾಲ್ವ್. ಎಕ್ಸ್‌ಪ್ಯಾನ್ಶನ್ ಟ್ಯಾಂಕಿನ ದುಡ್ಡು ಉಳಿಸಿದ ಮನೆಯಲ್ಲಿ ಇದು ನೀರು ಕಾದಾಗಲೆಲ್ಲ ತೊಟ್ಟಿಕ್ಕುತ್ತದೆ. ಸೋರುತ್ತಿದೆ ಎಂದು ಅದರ ಬಾಯಿಗೆ ಟೆಫ್ಲಾನ್ ಟೇಪ್ ಸುತ್ತಿದ ಹಿತ್ತಾಳೆಯ ಪ್ಲಗ್ ಬಿಗಿದಿದ್ದ ಮನೆಯೊಂದನ್ನು ನಾನೇ ನೋಡಿದ್ದೇನೆ. ಟೇಪನ್ನು ಬಹಳ ಅಚ್ಚುಕಟ್ಟಾಗಿಯೇ ಸುತ್ತಿದ್ದರು! ಶಾಖ ಮಿತಿ ಮೀರದಂತೆ ನೋಡುವ ಥರ್ಮೋಸ್ಟಾಟ್ ಕೈಕೊಟ್ಟ ದಿನ ಅಂಥ ಯಂತ್ರದ ಬಿಸಿನೀರಿನ ಟ್ಯಾಂಕು ಒಡೆಯಬಹುದು. ಈ ವಾಲ್ವಿನ ಪೈಪು ಇಳಿಜಾರಾಗಿಯೇ ಸಾಗಬೇಕು, ಎಲ್ಲಿಯೂ ಕಿರಿದಾಗಬಾರದು, ತುದಿ ಕಣ್ಣಿಗೆ ಕಾಣುವಂತೆ ನೆಲದಿಂದ ಸುಮಾರು ಅರ್ಧ ಅಡಿ ಮೇಲೆ ಇರಬೇಕು. ಯಂತ್ರ ಬೆವರಿದ ನೀರು ಹೋಗುವ ಪೈಪನ್ನು ಇದಕ್ಕೆ ಕೂಡಿಸಬೇಡಿ. ಅದನ್ನು ಬೇರೆಯಾಗಿ ಗಿಡಕ್ಕೆ ಬಿಡಿ.

ಬಿಸಿನೀರಿಗೆ ಐಎಸ್ 15778 ಎಂದು ಅಚ್ಚಾಗಿರುವ, ಬಿಸಿ ತಾಳುವ ಸಿಪಿವಿಸಿ ಪೈಪು ತನ್ನಿ. ಉಳಿದಿದೆಯೆಂದು ತಣ್ಣೀರಿನ ಯುಪಿವಿಸಿ ತುಂಡನ್ನು ಸೇರಿಸಬೇಡಿ, ಶಾಖಕ್ಕೆ ಅದು ಮೆತ್ತಗಾಗುತ್ತದೆ. ಯಂತ್ರದ ಬಾಯಿಗೆ ಹಿತ್ತಾಳೆ ತಿರುಪಿನ ಜೋಡಣೆ ಬಳಸಿ. ಕೈಯಲ್ಲಿ ಬಿಗಿಸಿದ ಮೇಲೆ ಪಾನಾದಿಂದ ಒಂದು ಸುತ್ತು ಸಾಕು. ಅಂಟು ಹಚ್ಚಿದ ಪೈಪನ್ನು ಕಾಲು ಸುತ್ತು ತಿರುಗಿಸಿ ಒಳಗೆ ಕೂರಿಸಿ, ಅರ್ಧ ನಿಮಿಷ ಕೈ ಬಿಡದೆ ಹಿಡಿಯಿರಿ. ಏಪ್ರಿಲ್ ಬಿಸಿಲಿನಲ್ಲಿ ಅಂಟು ಡಬ್ಬಿಯಿಂದ ಪೈಪಿಗೆ ಬರುವಷ್ಟರಲ್ಲೇ ಗಟ್ಟಿಯಾಗುತ್ತದೆ, ಹಾಗಾಗಿ ಬೆಳಗಿನ ತಂಪಿನಲ್ಲಿ ಮಾಡಿ ಮುಗಿಸುವುದು ಜಾಣತನ.

ಬಚ್ಚಲಿನ ಮಿಕ್ಸರ್ ನಲ್ಲಿಗೆ ಬಿಸಿನೀರೂ ತಣ್ಣೀರೂ ಒಂದೇ ಟಾಕಿಯಿಂದ ಬರಲಿ. ತಣ್ಣೀರನ್ನು ನೇರವಾಗಿ ಪಾಲಿಕೆಯ ನಲ್ಲಿಗೆ ಜೋಡಿಸಿದರೆ, ನೀರು ಬಿಟ್ಟ ದಿನ ಅದರ ಒತ್ತಡ ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ.

ನಮ್ಮ ಬೋರಿನ ನೀರು ಗಡಸು, ಸುಣ್ಣ ಕಟ್ಟುತ್ತದೆ. ಆದ್ದರಿಂದ ಯಂತ್ರದ ತಳದಲ್ಲಿ ಹೊರಬಿಡುವ ವಾಲ್ವ್ ಇರಲಿ, ಆಗಾಗ ಒಂದೆರಡು ಬಕೆಟ್ ನೀರು ಬಿಡಿ. ತುಕ್ಕಿನಿಂದ ಟ್ಯಾಂಕನ್ನು ಕಾಯುವ ಮೆಗ್ನೀಸಿಯಂ ಸರಳು ಮೇಲಿನಿಂದ ಹೊರಬರುವ ಮಾದರಿಯಾದರೆ, ಅದನ್ನು ಎಳೆಯಲು ತಲೆಯ ಮೇಲೆ ಜಾಗ ಬಿಟ್ಟೇ ತಗಡು ಹೊದಿಸಿ. ವರ್ಷಕ್ಕೊಮ್ಮೆ ಸರಳನ್ನು ನೋಡಬೇಕು.

ಅಂಟು ಒಂದು ದಿನ ಪೂರ್ತಿ ಒಣಗಿದ ಮೇಲೆ ಬಚ್ಚಲಿನ ಬಿಸಿನೀರಿನ ನಲ್ಲಿ ತೆರೆದಿಟ್ಟು ಟ್ಯಾಂಕು ತುಂಬಿಸಿ. ಗಾಳಿಯ ಗುಟುಕು ನಿಂತು ನೀರು ಒಂದೇ ಧಾರೆಯಾಗಿ ಬಂದ ಮೇಲಷ್ಟೇ ಕರೆಂಟ್ ಕೊಡಿ. ಮೊದಲ ಸಲ ಪೂರ್ತಿ ಕಾದ ಬಳಿಕ ಪ್ರತಿ ಜೋಡಣೆಯ ಕೆಳಗೂ ಬೆರಳಾಡಿಸಿ. ಎಲ್ಲವೂ ಒಣಗಿದ್ದರೆ ಕಪ್ಪು ರಬ್ಬರಿನ ಹೊದಿಕೆ ಹಾಕಿ, ಬಿಸಿಲಿಗೆ ಅದು ಪುಡಿಯಾಗದಂತೆ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿ.