ಹಿತ್ತಲಲ್ಲೊಂದು ತಂಬುಳಿ ಮಡಿ

ಔಷಧಿ ಗಿಡ ಬೆಳೆಸಬೇಕು ಎಂದು ಹೊರಟವರು ಮೊದಲು ಮಾಡುವ ಕೆಲಸ ನರ್ಸರಿಗೆ ಹೋಗಿ ಇಪ್ಪತ್ತು ಬಗೆಯ ಸಸಿ ತರುವುದು. ದೀಪಾವಳಿ ಹೊತ್ತಿಗೆ ಅದರಲ್ಲಿ ನಾಲ್ಕೈದು ಉಳಿದರೆ ಹೆಚ್ಚು. ದಿನಾ ಕೈ ಹೋಗದ ಗಿಡದ ಕಡೆ ಕಣ್ಣೂ ಹೋಗುವುದಿಲ್ಲ. ಉದ್ಯಾನಗಳಲ್ಲಿ ನಕ್ಷತ್ರವನ, ರಾಶಿವನ ಎಂದು ವಿಷಯ ಇಟ್ಟುಕೊಂಡು ನೆಡುತ್ತಾರಲ್ಲ, ಮನೆಗೂ ಹಾಗೊಂದು ವಿಷಯ ಬೇಕು. ಆದರೆ 27 ನಕ್ಷತ್ರದ ಮರಗಳಿಗೆ ಹಿತ್ತಲು ಸಾಲದು. ಶಿರಸಿ, ಸಿದ್ದಾಪುರ ಸೀಮೆಯವರಿಗೆ ನಾನು ಹೇಳುವುದು ತಂಬುಳಿ, ಅಂದರೆ ಸೊಪ್ಪು ಅರೆದು ಮಜ್ಜಿಗೆಗೆ ಕಲಸಿ ಅನ್ನಕ್ಕೆ ಬಡಿಸುವ ಪದಾರ್ಥ. ಊಟಕ್ಕೆ ಬೇಕಾದ ಸೊಪ್ಪನ್ನೇ ಒಂದು ಮಡಿಯಲ್ಲಿ ನೆಟ್ಟರೆ ಗಿಡ ತಾನಾಗಿ ಬದುಕುತ್ತದೆ.

ಜಾಗ ಮತ್ತು ಮಡಿ

ಅಡುಗೆಮನೆಯ ಹಿಂಬಾಗಿಲಿನಿಂದ ಹತ್ತು ಹೆಜ್ಜೆಯೊಳಗಿನ ಜಾಗ ಆರಿಸಿ. ಒಲೆಯ ಮೇಲೆ ತುಪ್ಪ ಕಾಯುತ್ತಿರುವಾಗ ಕೊಡೆ ಹಿಡಿದು ಹೋಗಿ ನಾಲ್ಕು ಎಲೆ ಕೊಯ್ದು ತರುವಷ್ಟು ಹತ್ತಿರವಿರಬೇಕು. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾದರೆ ಉತ್ತಮ. ಹೆಂಚಿನ ನೀರು ಧಾರೆಯಾಗಿ ಸುರಿಯುವ ಸಾಲು ಮಾತ್ರ ಬೇಡ. ಮೊದಲ ವರ್ಷ ನಾನು ಒಂದೆಲಗವನ್ನು ಅಲ್ಲೇ ನೆಟ್ಟಿದ್ದೆ. ಆಷಾಢದ ತುಂಬ ಎಲೆಗೆಲ್ಲ ಕೆಸರು ಸಿಡಿದು, ಎಷ್ಟು ತೊಳೆದರೂ ತಂಬುಳಿಯಲ್ಲಿ ಮಣ್ಣು ಹಲ್ಲಿಗೆ ಸಿಗುತ್ತಿತ್ತು.

ಮಡಿ ಮೂರು ಅಡಿ ಅಗಲ ಸಾಕು, ಎರಡೂ ಬದಿಯಿಂದ ಕೈ ನಡುವಿನವರೆಗೆ ಎಟುಕಬೇಕು. ಉದ್ದ ಎಂಟು ಅಡಿ ಇರಲಿ. ನಮ್ಮ ಮಳೆಗೆ ಎತ್ತರ ಮುಖ್ಯ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಆಸುಪಾಸು ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಚಿರೇಕಲ್ಲನ್ನೋ ಹಳೆಯ ಅಡಿಕೆ ಮರದ ದಬ್ಬೆಯನ್ನೋ ಅಂಚಿಗೆ ಇಟ್ಟು ಒಂದಡಿ ಎತ್ತರಿಸಿ. ಎರಡು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಕಳಿತ ಸಗಣಿ ಗೊಬ್ಬರ, ಒಂದು ಬುಟ್ಟಿ ಮರಳು. ಕಾರವಾರ, ಅಂಕೋಲಾ ಕಡೆಯ ಹೊಯಿಗೆ ನೆಲವಾದರೆ ಮರಳು ಬಿಟ್ಟು ಗೊಬ್ಬರವನ್ನು ಇಮ್ಮಡಿ ಮಾಡಿ, ಕಡಲ ಗಾಳಿ ಬೀಸುವ ದಿಕ್ಕಿಗೆ ಚಕ್ರಮುನಿ ಸೊಪ್ಪಿನ ಗಿಡದ ಬೇಲಿ ಕಟ್ಟಿ. ಮೇಲೆ ದರಕು (ಒಣಗಿದ ಎಲೆ) ಹೊದೆಸಿದರೆ ಮಣ್ಣು ಕೊಚ್ಚಿ ಹೋಗುವುದಿಲ್ಲ.

ತಾಯಿಗಿಡದ ಆಯ್ಕೆ

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರನ್ನು ಉತ್ತರ ಕನ್ನಡ ಜಿಲ್ಲೆಯವರು ಮರೆಯುವಂತಿಲ್ಲ. ಹಾಲಕ್ಕಿ ಸಮುದಾಯದ ಈ ಹೆಣ್ಣುಮಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದು, 2021ರಲ್ಲಿ ಬರಿಗಾಲಲ್ಲೇ ಹೋಗಿ ಪದ್ಮಶ್ರೀ ಸ್ವೀಕರಿಸಿದರು. ಕಾಡಿನಲ್ಲಿ ಬೀಜಕ್ಕೆ ತಕ್ಕ ತಾಯಿಮರ ಯಾವುದು ಎಂದು ಗುರುತಿಸುವುದರಲ್ಲಿ ಅವರದು ಎತ್ತಿದ ಕೈಯಾಗಿತ್ತು. ಹಿತ್ತಲಿಗೂ ಅದೇ ಕ್ರಮ. ನೆರೆಮನೆಯಲ್ಲಿ ಎರಡು ಮಳೆಗಾಲ ಕಂಡು ಗಟ್ಟಿಯಾಗಿ ನಿಂತ ಗಿಡದಿಂದಲೇ ಹಿಳ್ಳು (ಬುಡದ ಮರಿಗಿಡ) ಕೇಳಿ ತನ್ನಿ. ಕಾನಿನಿಂದ ಬೇರು ಸಮೇತ ಕಿತ್ತು ತರುವುದನ್ನು ದಯವಿಟ್ಟು ಮಾಡಬೇಡಿ.

ಏನೇನು ನೆಡಬೇಕು

ಮೊದಲ ಗಿಡ ಒಂದೆಲಗ. ಗಣ್ಣಿನಲ್ಲಿ ಬೇರಿರುವ ಬಳ್ಳಿಯ ತುಂಡುಗಳನ್ನು ಮೃಗಶಿರ ಮಳೆ ಹಿಡಿದ ಮೇಲೆ ಅರ್ಧ ಅಡಿಗೊಂದರಂತೆ ಊರಿ, ಮೂರು ತಿಂಗಳಲ್ಲಿ ಮಡಿಯ ಕೆಳಭಾಗವೆಲ್ಲ ಹಸಿರಾಗುತ್ತದೆ. ಮರೆವಿಗೆ ಒಳ್ಳೆಯದು ಎಂದು ಅಜ್ಜಿಯರು ಪರೀಕ್ಷೆಯ ಕಾಲದಲ್ಲಿ ಮಕ್ಕಳಿಗೆ ತಪ್ಪದೆ ಬಡಿಸುತ್ತಿದ್ದುದು ಇದನ್ನೇ. ಬ್ರಾಹ್ಮಿ ಎಂಬ ಹೆಸರು ಒಂದೆಲಗಕ್ಕೂ ಇದೆ, ಸಣ್ಣ ದಪ್ಪ ಎಲೆಯ ನೀರುಬ್ರಾಹ್ಮಿಗೂ ಇದೆ. ಎಲೆ ನೋಡಿಯೇ ತನ್ನಿ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಹಸಿಯಾಗಿ ಅರೆದು ಉಣ್ಣುವ ಈ ಸೊಪ್ಪಿಗೆ ಬಚ್ಚಲ ನೀರು ಖಂಡಿತ ಬಿಡಬೇಡಿ. ಆ ನೀರು ಲಾವಂಚಕ್ಕೋ ಬಾಳೆಗೋ ಹೋಗಲಿ.

ದೊಡ್ಡಪತ್ರೆಯ ಸ್ವಭಾವ ಇದಕ್ಕೆ ಪೂರ್ತಿ ವಿರುದ್ಧ. ದಪ್ಪ ಎಲೆ, ರಸ ತುಂಬಿದ ಕಾಂಡ, ಜಡಿಮಳೆಗೆ ಬುಡವೇ ಕೊಳೆಯುತ್ತದೆ. ನವರಾತ್ರಿಯ ಹೊತ್ತಿಗೆ ಗೇಣುದ್ದದ ಕಡ್ಡಿ ಊರಿದರೆ ಹತ್ತು ಹದಿನೈದು ದಿನದಲ್ಲಿ ಚಿಗುರುತ್ತದೆ. ಮಳೆಗಾಲಕ್ಕೆ ಒಂದು ಕುಂಡವನ್ನು ಜಗುಲಿಯಲ್ಲಿ ಕಾಪಾಡಿಕೊಳ್ಳಿ. ಕೆಮ್ಮು ನೆಗಡಿಗೆ ಎಲೆ ಬಾಡಿಸಿ ರಸ ಹಿಂಡಿ ಜೇನುತುಪ್ಪದಲ್ಲಿ ಕೊಡುವುದು ಎಲ್ಲ ಮನೆಯಲ್ಲೂ ಇರುವ ರೂಢಿ. ಒಂದು ವರ್ಷ ತುಂಬದ ಶಿಶುವಿಗೆ ಮಾತ್ರ ಜೇನು ಕೊಡಬಾರದು.

ಚಗಟೆಯನ್ನು ನೆಡುವುದೇ ಬೇಡ. ಮೊದಲ ಮಳೆಗೆ ಅದಾಗಿಯೇ ಹುಟ್ಟುತ್ತದೆ. ಒಂದು ಮೂಲೆಯನ್ನು ಕಳೆ ಕೀಳದೆ ಬಿಟ್ಟರಾಯಿತು. ಹೂ ಬರುವ ಮೊದಲಿನ ಕುಡಿಯೇ ರುಚಿ. ಮಾವಿನಶುಂಠಿಯ ಗಡ್ಡೆಯನ್ನು ಮೇ ಕೊನೆಗೆ ಹುಗಿದರೆ ಎಲೆ ಹಳದಿಯಾಗುವ ಡಿಸೆಂಬರ್, ಜನವರಿಯಲ್ಲಿ ಅಗೆಯಬಹುದು. ಅದರ ತಂಬುಳಿಗೆ ಹಸಿ ಮಾವಿನಕಾಯಿಯದೇ ಪರಿಮಳ.

ಮಡಿಯ ತುದಿಯಲ್ಲಿ ಕಷಾಯದ ನಾಲ್ಕು ಗಿಡ: ತುಳಸಿ, ಮಜ್ಜಿಗೆಹುಲ್ಲು (ನಿಂಬೆಹುಲ್ಲು), ಬೇಲಿಸಾಲಿಗೆ ಆಡುಸೋಗೆ, ಮಾವಿನ ಮರಕ್ಕೆ ಹಬ್ಬಿಸಲು ಅಮೃತಬಳ್ಳಿ. ಆಡುಸೋಗೆಯನ್ನು ಆಡೂ ಮುಟ್ಟದು, ಅದಕ್ಕೇ ಬೇಲಿಗೆ ಹೇಳಿ ಮಾಡಿಸಿದ್ದು. ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶದ ಜಾಡು ಹಿಡಿದೇ ಕೆಮ್ಮಿನ ಔಷಧಿ ಬ್ರೋಮ್‌ಹೆಕ್ಸಿನ್ ತಯಾರಾಯಿತು. ಬಸುರಿಯರಿಗೆ ಆಡುಸೋಗೆ ಬೇಡ.

ಎಚ್ಚರಿಕೆಯ ಎರಡು ಗಿಡ

ಮನೆಮದ್ದಿನ ಮೇಲೆ ನನಗೆ ಪ್ರೀತಿ ಇದೆ, ಆದ್ದರಿಂದಲೇ ಇದನ್ನು ಹೇಳದೆ ಇರಲಾರೆ. ವಿಟಮಿನ್ ಸೊಪ್ಪು ಎಂದು ಹೊಗಳುವ ಚಕ್ರಮುನಿಯನ್ನು ಬೇಯಿಸಿ ಪಲ್ಯ, ಸಾಂಬಾರು ಮಾಡಿ. ತೈವಾನಿನಲ್ಲಿ 1990ರ ದಶಕದ ನಡುವೆ ತೂಕ ಇಳಿಸಲೆಂದು ದಿನಾ ಇದರ ಹಸಿ ರಸ ಕುಡಿದ ಹಲವರ ಶ್ವಾಸಕೋಶ ಗುಣವಾಗದಂತೆ ಕೆಟ್ಟಿತು. ಅಮೃತಬಳ್ಳಿಯನ್ನು ಕೊರೊನಾ ಕಾಲದಲ್ಲಿ ವಾರಗಟ್ಟಲೆ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ತೊಂದರೆಯಾದುದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಅದನ್ನೇ ಹೋಲುವ ಬೇರೆ ಬಳ್ಳಿ ಬೆರೆತಿರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಯಾವುದೇ ಆಗಲಿ, ಗುರುತು ಖಚಿತವಿಲ್ಲದ ಬಳ್ಳಿಯನ್ನು ಕುದಿಸಿ ಕುಡಿಯಬೇಡಿ. ದಿನಾ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಆರೈಕೆ

ಮಳೆಗಾಲದಲ್ಲಿ ಬಸವನಹುಳುವಿನ ಕಾಟ. ಬೂದಿ ಎರಚಿದರೆ ಒಂದೇ ಮಳೆಗೆ ತೊಳೆದು ಹೋಗುತ್ತದೆ. ರಾತ್ರಿ ಬ್ಯಾಟರಿ ಹಿಡಿದು ಹೆಕ್ಕುವುದೇ ದಾರಿ. ಬೇಸಿಗೆಗೆ ಅಡಿಕೆ ಸೋಗೆಯ ಚಪ್ಪರ, ದಿನ ಬಿಟ್ಟು ದಿನ ನೀರು, ತಿಂಗಳಿಗೊಮ್ಮೆ ತೆಳ್ಳಗೆ ಕದಡಿದ ಸಗಣಿ ನೀರು ಬುಡಕ್ಕೆ. ಒಂದೆಲಗಕ್ಕೆ ಮಾತ್ರ ಕಳಿತ ಗೊಬ್ಬರವೇ ಇರಲಿ.

ಕೊಯ್ದ ಮೇಲೆ

ಒಂದು ಹಿಡಿ ಒಂದೆಲಗವನ್ನು ಬೇರು ತೆಗೆದು ನಾಲ್ಕು ನೀರಿನಲ್ಲಿ ತೊಳೆಯಿರಿ. ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಹುರಿದು, ಅರ್ಧ ಬಟ್ಟಲು ಕಾಯಿತುರಿ ಮತ್ತು ಹಸಿ ಸೊಪ್ಪಿನೊಂದಿಗೆ ನುಣ್ಣಗೆ ಅರೆದು, ಎರಡು ಬಟ್ಟಲು ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ ಉಪ್ಪು ಹಾಕಿ. ದೊಡ್ಡಪತ್ರೆ, ಚಗಟೆಯಾದರೆ ಸೊಪ್ಪನ್ನೂ ತುಪ್ಪದಲ್ಲಿ ಬಾಡಿಸಬೇಕು. ಕುದಿಸುವುದಿಲ್ಲ, ಸಾಸಿವೆ ಒಗ್ಗರಣೆ ಸಾಕು. ಮೊದಲ ಅನ್ನಕ್ಕೇ ಬಡಿಸಿ, ರಾತ್ರಿಗೆ ಉಳಿಸಿದರೆ ಹುಳಿಯಾಗುತ್ತದೆ.