ಕರಾವಳಿಯ ಸೆಕೆಯಲ್ಲಿ ಲೆಪರ್ಡ್ ಗೆಕ್ಕೊ ಮೊಟ್ಟೆ ಇಡುವಾಗ

ಲೆಪರ್ಡ್ ಗೆಕ್ಕೊ ಅಂದರೆ ಮನೆಯಲ್ಲಿ ಸಾಕುವ, ಮೈತುಂಬ ಚುಕ್ಕೆಯಿರುವ ಒಂದು ಹಲ್ಲಿ. ನಿಮ್ಮ ಹೆಣ್ಣು ಗೆಕ್ಕೊ ಒಂಟಿಯಾಗಿದ್ದರೂ ಮೊಟ್ಟೆ ಇಡಬಹುದು. ಹುಂಜ ಇಲ್ಲದ ಮನೆಯಲ್ಲೂ ಹೇಂಟೆ ಮೊಟ್ಟೆ ಇಡುತ್ತದಲ್ವಾ, ಇದೂ ಹಾಗೆಯೇ. ಅಂಥ ಮೊಟ್ಟೆಯಿಂದ ಮರಿ ಬರುವುದಿಲ್ಲ ಅಷ್ಟೇ, ತಾಯಿಗೆ ಆಗುವ ಸುಸ್ತು ಮಾತ್ರ ಒಂದೇ.

ಮೊದಲು ಹೊಟ್ಟೆ ನೋಡಿ. ಪಾರದರ್ಶಕ ಡಬ್ಬಿಯಲ್ಲಿ ಬಿಟ್ಟು ಕೆಳಗಿನಿಂದ ನೋಡಿದರೆ ಚರ್ಮದೊಳಗೆ ಎಡಕ್ಕೊಂದು ಬಲಕ್ಕೊಂದು ತಿಳಿ ಬಣ್ಣದ ಉದ್ದುಂಡೆ ಕಾಣಿಸುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಎರಡೇ ಮೊಟ್ಟೆ. ದಿನ ಹತ್ತಿರವಾದಾಗ ಊಟ ಬಿಡುತ್ತದೆ, ಮೂಲೆ ಮೂಲೆ ಕೆರೆಯುತ್ತದೆ.

ಕೆರೆಯಲು ಶುರು ಮಾಡುವ ಮೊದಲೇ ಮೊಟ್ಟೆ ಡಬ್ಬಿ ಇಟ್ಟಿರಬೇಕು. ಮುಚ್ಚಳ ಇರುವ ಐಸ್‌ಕ್ರೀಂ ಡಬ್ಬಿ ಸಾಕು. ಗೆಕ್ಕೊ ಮೈ ಆರಾಮಾಗಿ ನುಗ್ಗುವಷ್ಟು ತೂತು ಕೊರೆದು ಅಂಚನ್ನು ಉಜ್ಜಿ ನಯ ಮಾಡಿ. ಒಳಗೆ ನಾಲ್ಕು ಬೆರಳು ದಪ್ಪ ತೆಂಗಿನ ನಾರಿನ ಪುಡಿ. ನಮ್ಮಲ್ಲಿ ಅದಕ್ಕೇನು ಕೊರತೆ! ಆದರೆ ಗಿಡಕ್ಕೆಂದು ಮಾರುವುದರಲ್ಲಿ ಗೊಬ್ಬರ ಸೇರಿಸಿರುತ್ತಾರೆ, ಅದು ಬೇಡ. ಹಿಡಿ ತುಂಬ ತೆಗೆದು ಹಿಂಡಿದರೆ ಒಂದೆರಡು ಹನಿ ಬರಬೇಕು, ನೀರು ಸೋರಬಾರದು.

ಇಲ್ಲಿಯೇ ಮಂಗಳೂರು, ಉಡುಪಿಯವರಿಗೆ ತಾಪತ್ರಯ. ಇದು ಅಫ್ಘಾನಿಸ್ತಾನ, ಪಾಕಿಸ್ತಾನ ಕಡೆಯ ಒಣ ಕಲ್ಲುನೆಲದ ಪ್ರಾಣಿ. ಇದರ ಮನೆಯೊಳಗೆ ತೇವ ಶೇಕಡ 30ರಿಂದ 40 ಇದ್ದರೆ ಒಳ್ಳೆಯದು. ನಮ್ಮ ಮಳೆಗಾಲದಲ್ಲಿ 80 ದಾಟಿರುತ್ತದೆ, ಚಪ್ಪಲಿಗೇ ಬೂಷ್ಟು ಹಿಡಿಯುವ ಊರು. ಅದರ ಮೇಲೆ ಒದ್ದೆ ಡಬ್ಬಿಯನ್ನು ಗಾಜಿನ ತೊಟ್ಟಿಯೊಳಗೆ ಇಟ್ಟು ಮುಚ್ಚಿದರೆ ಉಸಿರಾಟದ ತೊಂದರೆ ಬರುತ್ತದೆ. ಹಾಗಾಗಿ ತೊಟ್ಟಿಗೆ ಬಲೆ ಮುಚ್ಚಳ ಹಾಕಿ, ನೆಲಕ್ಕೆ ಟಿಶ್ಯೂ ಪೇಪರ್ ಹಾಸಿ, ನೀರಿನ ಬಟ್ಟಲು ಚಿಕ್ಕದಿಡಿ. ಸೆಕೆ ಅಂತ ಹೀಟ್ ಮ್ಯಾಟ್ (ತೊಟ್ಟಿಗೆ ಬಿಸಿ ಕೊಡುವ ಕರೆಂಟಿನ ಹಾಸು) ಪೂರ್ತಿ ಆರಿಸಬೇಡಿ, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ಗೆ ಬಿಡಿ. ಬಿಸಿಯಾದ ಗಾಳಿಯಲ್ಲಿ ತೇವದ ಮಟ್ಟವೂ ಇಳಿಯುತ್ತದೆ. ಬಿಸಿ ಬದಿ 32 ಡಿಗ್ರಿ ಇರಲಿ. ಡಬ್ಬಿಯ ಪುಡಿಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬದಲಿಸಿ.

ಇನ್ನು ಕ್ಯಾಲ್ಸಿಯಂ. ಮೊಟ್ಟೆಗೆ ಬೇಕಾದ್ದು ತಾಯಿಯ ಮೈಯಿಂದಲೇ ಹೋಗುತ್ತದೆ, ಊಟದಲ್ಲಿ ಸಾಕಷ್ಟು ಸಿಗದಿದ್ದರೆ ಅದರ ಮೂಳೆ ಸವೆದು ಕಾಲು ಸೊಟ್ಟಗಾಗುತ್ತದೆ, ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದೂ ಇದೆ. ವಿಟಮಿನ್ ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ ಸಣ್ಣ ಮುಚ್ಚಳದಲ್ಲಿ ಸದಾ ಇರಲಿ. ಡಿ3 ಇರುವುದನ್ನು ಊಟಕ್ಕೆ ಹಾಕುವ ಹುಳಗಳಿಗೆ ಸವರಿ ಕೊಡಿ. ಎಲೆಅಡಿಕೆಗೆ ಹಚ್ಚುವ ಸುಣ್ಣವೂ ಕ್ಯಾಲ್ಸಿಯಂ ಅಲ್ವಾ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಅದು ಬಾಯಿ ಸುಡುತ್ತದೆ. ಗೋಡೆ ಹಲ್ಲಿ ಹಿಡಿದು ಹಾಕುವುದೂ ಬೇಡ, ಅದರ ಹೊಟ್ಟೆಯ ಹುಳ ಇದಕ್ಕೆ ದಾಟಬಹುದು.

ಕೆರೆದು ಕೆರೆದು ದಿನಗಳಾದರೂ ಮೊಟ್ಟೆ ಬರದೆ, ಕಣ್ಣು ಗುಳಿಬಿದ್ದು, ತಿಣುಕುತ್ತ ಸುಸ್ತಾಗಿ ಮಲಗಿದ್ದರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಒತ್ತಿ ತೆಗೆಯಲು ನೋಡಲೇಬೇಡಿ. ಪಶುವೈದ್ಯರಲ್ಲಿ ಸರೀಸೃಪ ನೋಡುವವರು ಕಮ್ಮಿ, ಯಾರಿದ್ದಾರೆ ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳಿ.

ಮೊಟ್ಟೆ ಸಿಕ್ಕಿದಾಗ ತಿರುಗಿಸಬೇಡಿ. ಹೇಗಿತ್ತೋ ಹಾಗೇ ಎತ್ತಿ, ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಒದ್ದೆ ವರ್ಮಿಕ್ಯುಲೈಟ್‌ನಲ್ಲಿ (ನೀರು ಹಿಡಿದಿಡುವ ಹಗುರ ಖನಿಜದ ಪುಡಿ) ಅರ್ಧ ಹೂತು ಥರ್ಮೋಕೋಲ್ ಪೆಟ್ಟಿಯಲ್ಲಿಡಿ. ಕೆಲವು ದಿನ ಬಿಟ್ಟು ಕತ್ತಲಲ್ಲಿ ಟಾರ್ಚ್ ಹಿಡಿದರೆ ಕೆಂಪು ನರಗಳು ಕಾಣಬೇಕು. ಬರೀ ಹಳದಿ ಕಂಡು, ಕುಗ್ಗಿ ಬೂಷ್ಟು ಹಿಡಿದರೆ ಎಸೆಯಿರಿ. ಪೆಟ್ಟಿಯ ಬಿಸಿ 26-27 ಡಿಗ್ರಿಯಿದ್ದರೆ ಮರಿಗಳು ಹೆಚ್ಚಾಗಿ ಹೆಣ್ಣು, 32ರ ಆಸುಪಾಸು ಹೆಚ್ಚಾಗಿ ಗಂಡು. ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯಲ್ಲಿಟ್ಟು ಹೆಣ್ಣು ಬೇಕು ಅಂದರೆ ಎಲ್ಲಿಂದ ಬರಬೇಕು? ಬಿಸಿಯಲ್ಲಿ ಒಂದೂವರೆ ತಿಂಗಳೊಳಗೇ ಒಡೆಯಬಹುದು, ತಂಪಲ್ಲಿ ಎರಡು ತಿಂಗಳ ಹತ್ತಿರ ಹೋಗುತ್ತದೆ. ಇರುವೆ ಜಾಸ್ತಿಯಿರುವ ಮನೆಯಾದರೆ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸಿ. ಇರುವೆ ಚಾಕ್ ಗೀಚಬೇಡಿ, ಅದು ವಿಷ.

ಇತ್ತ ತಾಯಿಯ ಬಾಲ ನೋಡಿ, ಕೊಬ್ಬು ಇರುವುದು ಅಲ್ಲೇ. ತೆಳ್ಳಗಾಗಿದ್ದರೆ ಹುಳ ಜಾಸ್ತಿ ಕೊಡಿ, ತೂಕ ಬರೆದಿಡಿ, ಅದು ವಾಪಸ್ ಬರುವವರೆಗೆ ಗಂಡಿನ ಹತ್ತಿರ ಬಿಡಬೇಡಿ. ಒಮ್ಮೆ ಕೂಡಿದ್ದರೂ ವೀರ್ಯ ಒಳಗೆ ಉಳಿದಿರುತ್ತದೆ, ಮೂರ್ನಾಲ್ಕು ವಾರದಲ್ಲಿ ಮತ್ತೆ ಎರಡು ಮೊಟ್ಟೆ ಬರಬಹುದು. ಆ ಮೊಟ್ಟೆ ಡಬ್ಬಿಯನ್ನು ಈಗಲೇ ತೆಗೆದಿಡಬೇಡಿ.